ಅಳಿವೆಕೋಟೆಯ ಕಂಟ

ನಾನು ಒಂದು ಕಂಟ. ತಾಳೆಗರಿಯ ಮೇಲೆ ಅಕ್ಷರ ಕೊರೆಯುವ ಗೇಣುದ್ದದ ಉಕ್ಕಿನ ಕಡ್ಡಿ. ಬರೆಯುವಾಗ ನನಗೆ ಮಸಿ ಬೇಡ, ಕುಡಿಕೆ ಬೇಡ. ಹದವಾದ ಒಂದು ಕೈ ಸಿಕ್ಕರೆ ಸಾಕು, ಗರಿಯ ಮೈಮೇಲೆ ಕೂದಲೆಳೆಯಷ್ಟು ಸಣ್ಣ ಗೀರು ಎಳೆಯುತ್ತ ಹೋಗುತ್ತೇನೆ. ಆಮೇಲೆ ಆ ಗೀರಿಗೆ ಎಣ್ಣೆಮಸಿ ತಿಕ್ಕಿ ಒರೆಸಿದರೆ ಅಕ್ಷರ ಕಪ್ಪಗೆ ಎದ್ದು ಕಾಣುತ್ತದೆ. ನೋಡಿದವರು ಅಕ್ಷರವನ್ನು ಹೊಗಳುತ್ತಾರೆ. ಬರೆದವರನ್ನೂ ಹೊಗಳುತ್ತಾರೆ. ನನ್ನನ್ನು ಯಾರೂ ಕೇಳುವುದಿಲ್ಲ.

ಘಟ್ಟದ ಬುಡದ ಕುಲುಮೆಯೊಂದರಲ್ಲಿ ದುಗ್ಗಾಚಾರಿ ಎಂಬ ಕಮ್ಮಾರ ನನ್ನನ್ನು ಮಾಡಿದ. ಮುರಿದ ಕತ್ತಿಯ ತುಂಡೊಂದನ್ನು ಕಾಯಿಸಿ ಎರಡು ಭಾಗ ಮಾಡಿದ. ದೊಡ್ಡ ಭಾಗದಿಂದ ಒಂದು ಅಡಕತ್ತರಿ ಆಯಿತು, ಉಳಿದ ಚೂರಿನಿಂದ ನಾನಾದೆ. ಅಡಕತ್ತರಿಗೆ ನವಿಲಿನ ತಲೆ ಕೂಡಿಸಿ ಹಿತ್ತಾಳೆಯ ಕಣ್ಣು ಇಟ್ಟ. ನನ್ನ ಕುತ್ತಿಗೆಗೆ ಎರಡು ಬಳೆ ಕೊರೆದು ಸುಮ್ಮನಾದ. ಇಬ್ಬರನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿ ಅರಮನೆಗೆ ಒಯ್ದು ಕೊಟ್ಟಾಗ ಎಲ್ಲರೂ ನವಿಲನ್ನೇ ಎತ್ತಿ ಎತ್ತಿ ನೋಡಿದರು. ನಾನು ಬಟ್ಟೆಯ ಮಡಿಕೆಯಲ್ಲಿ ಬಿದ್ದಿದ್ದೆ. ಹುಟ್ಟಿದ ವಾರದೊಳಗೇ ಹೊಟ್ಟೆಕಿಚ್ಚು ಎಂದರೇನು ಎಂದು ನನಗೆ ತಿಳಿದುಹೋಯಿತು.

ಅರಮನೆ ಎಂದೆನಲ್ಲ, ಅದೇನೂ ದೊಡ್ಡದಲ್ಲ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಒಂದು ಚಾವಡಿ. ಅಳಿವೆಕೋಟೆ ಎಂಬ ಆ ಸೀಮೆಯನ್ನು ಈ ತುದಿಯಿಂದ ಆ ತುದಿಗೆ ನಡೆದು ಮುಗಿಸಲು ಒಂದು ಹಗಲು ಸಾಕು. ನಡುವೆ ಒಂದು ಹೊಳೆ. ಅದು ಕಡಲು ಸೇರುವ ಕಡೆ ಹಡಗು ನಿಲ್ಲುವಷ್ಟು ಆಳದ ಅಳಿವೆ. ಹಿಂದೆ ಗುಡ್ಡಗಳು, ಗುಡ್ಡದ ಮರಗಳಿಗೆಲ್ಲ ಹಬ್ಬಿದ ಮೆಣಸಿನ ಬಳ್ಳಿ. ಅಷ್ಟೇ ನಮ್ಮ ಆಸ್ತಿ. ಆದರೆ ಆ ಕಪ್ಪು ಕಾಳಿಗಾಗಿ ಘಟ್ಟದ ಮೇಲಿನ ಸುಲ್ತಾನರು ನಮ್ಮ ಕಡೆ ಒಂದು ಕಣ್ಣಿಟ್ಟಿದ್ದರು. ಕಡಲಲ್ಲಿ ಹಡಗು ನಿಲ್ಲಿಸಿಕೊಂಡ ಪರಂಗಿಯವರು ಎರಡೂ ಕಣ್ಣಿಟ್ಟಿದ್ದರು.

ನಮ್ಮನ್ನು ಆಳುತ್ತಿದ್ದವರು ಜಕ್ಕಲದೇವಿಯರು. ಗಂಡ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದು ಆಗಲೇ ಹದಿನೈದು ವರ್ಷವಾಗಿತ್ತು. ಕುಳ್ಳಗಿನ ಹೆಂಗಸು. ಚಾವಡಿಯಲ್ಲಿ ಚಾಪೆಯ ಮೇಲೆಯೇ ಕೂರುವವರು. ಅವರಲ್ಲಿ ಐನೂರು ಕಾಲಾಳುಗಳೂ ಇರಲಿಲ್ಲ. ಇದ್ದದ್ದು ಒಬ್ಬ ರಾಯಸದವರು, ಅಂದರೆ ಅರಮನೆಯ ಓಲೆ ಬರೆಯುವವರು. ಹೆಸರು ಸಾಂತಪ್ಪಯ್ಯ. ನನ್ನ ಮೊದಲ ಒಡೆಯರು ಅವರೇ.

ಸಾಂತಪ್ಪಯ್ಯನವರ ಕೈಯ ಸೊಗಸನ್ನು ಹೇಳಿದರೆ ಮುಗಿಯುವುದಿಲ್ಲ. ಎಡಗೈಯ ಹೆಬ್ಬೆರಳಿಂದ ಓಲೆಯನ್ನು ಸರಿಸುತ್ತ ಬಲಗೈಯಲ್ಲಿ ನನ್ನನ್ನು ಹಿಡಿದರೆ, ನೀರ ಮೇಲೆ ಜೇಡ ಓಡಿದಂತೆ ನಾನು ಓಡುತ್ತಿದ್ದೆ. ಅವರಿಗಿದ್ದ ದೊಡ್ಡ ಹೆಮ್ಮೆಯೆಂದರೆ ಒಂದೇ. ಇಪ್ಪತ್ತು ವರ್ಷದಲ್ಲಿ ಅವರು ಯಾವ ಓಲೆಯಲ್ಲೂ ‘ಇಲ್ಲ’ ಎಂದು ಬರೆದವರಲ್ಲ. ಸುಲ್ತಾನರ ಸರದಾರ ಬಂದರನ್ನು ಮುಚ್ಚಿ ಎಂದರೆ, ‘ತಮ್ಮ ಅಪ್ಪಣೆ ತಲೆಯ ಮೇಲಿದೆ, ಮಳೆಗಾಲ ಬಂದೊಡನೆ ಬಂದರು ತಾನಾಗಿ ಮುಚ್ಚುವುದು’ ಎಂದು ಬರೆದರು. ಪರಂಗಿ ಕಪ್ತಾನ ಕೋಟೆ ಕಟ್ಟಲು ಜಾಗ ಕೇಳಿದರೆ, ‘ತಕ್ಕ ಜಾಗವನ್ನು ಹುಡುಕಿಸುತ್ತಿದ್ದೇವೆ’ ಎಂದು ಆರು ವರ್ಷ ಹುಡುಕಿಸಿದರು. ಎರಡು ಕಡೆಗೂ ಓಲೆ ಬರೆದವನು ನಾನೇ. ಅವರ ಕಡೆಯ ದುಭಾಷಿಗಳು ಅದನ್ನು ಓದಿ ಹೇಳುತ್ತಿದ್ದರು. ಜಕ್ಕಲದೇವಿಯರು ಒಕ್ಕಣೆ ಕೇಳಿ ನಗುತ್ತಿದ್ದರು. ಅಡಕತ್ತರಿ ಅವರ ಮಡಿಲಲ್ಲಿದ್ದರೇನು, ಅವರ ಮಾತು ನನ್ನ ಮೊನೆಯಲ್ಲಿತ್ತು.

ಒಂದು ವರ್ಷ ಹೊಸ ಕಪ್ತಾನ ಬಂದ. ಓಲೆ ಎಂದರೆ ಅವನಿಗೆ ಒಣಗಿದ ಎಲೆ. ಕಾಗದದ ಮೇಲೆ, ತಮ್ಮ ಮಾತಿನಲ್ಲಿ ಬರೆದದ್ದನ್ನು ಮಾತ್ರ ಓದುವೆ ಎಂದ. ನಾವು ಕಳಿಸಿದ ಮೂರು ಓಲೆಗಳು ದಾರ ಕೂಡ ಬಿಚ್ಚದೆ ಹಿಂದಕ್ಕೆ ಬಂದವು. ಸಾಂತಪ್ಪಯ್ಯನವರು ಅವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು.

ಮರುತಿಂಗಳು ಶಾಂತೇರಿ ಬಂದಳು. ಬಡಗಣ ಕರಾವಳಿಯ ಕೊಂಕಣಿ ಹೆಂಗಸು, ದೋಣಿ ನಡೆಸುವವನ ವಿಧವೆ, ವಯಸ್ಸು ಮೂವತ್ತೈದಿರಬಹುದು. ಪರಂಗಿ ವ್ಯಾಪಾರಿಯೊಬ್ಬನ ಮನೆಯಲ್ಲಿ ಕೂಸು ಆಡಿಸಿಕೊಂಡಿದ್ದಳಂತೆ. ಕೂಸಿಗೆ ಪಾದ್ರಿ ಅಕ್ಷರ ಕಲಿಸುವಾಗ ಪಕ್ಕದಲ್ಲಿ ಕೂತು ತಾನೂ ಕಲಿತಳಂತೆ. ಕಂಕುಳಲ್ಲಿ ಒಂದು ಮರದ ಪೆಟ್ಟಿಗೆ. ಅದರಲ್ಲಿ ಕಾಗದ, ಮಸಿಕುಡಿಕೆ, ಆರೇಳು ಹೆಬ್ಬಾತಿನ ಪುಕ್ಕ. ಹಕ್ಕಿಯ ಬಾಲದಿಂದ ಉದುರಿದ ಪುಕ್ಕ! ಅದು ಕಾಗದದ ಮೇಲೆ ಕೆರ ಕೆರ ಸದ್ದು ಮಾಡುತ್ತ ಮಸಿ ಕಕ್ಕುತ್ತ ನಡೆಯುವುದನ್ನು ನೋಡಿ ನನಗೆ ಹೇಸಿಗೆಯಾಯಿತು. ಆದರೆ ಚಾವಡಿಯಲ್ಲಿದ್ದವರೆಲ್ಲ ಕತ್ತು ಚಾಚಿ ಅದನ್ನೇ ನೋಡುತ್ತಿದ್ದರು.

ಅವಳು ಕಾಗದದಲ್ಲಿದ್ದುದನ್ನು ದೇವಿಯರ ಕಿವಿಯಲ್ಲಿ ಕನ್ನಡದಲ್ಲಿ ಹೇಳಬೇಕಿತ್ತು. ಹಾಗಾಗಿ ಅವಳ ಚಾಪೆಯನ್ನು ದೇವಿಯರ ಬಲಕ್ಕೆ ಹಾಕಿಸಿದರು. ಆ ಜಾಗ ಸಾಂತಪ್ಪಯ್ಯನವರದಾಗಿತ್ತು. ಅವರ ಚಾಪೆ ಎರಡು ಮೊಳ ಹಿಂದೆ ಸರಿಯಿತು. ಬರಿ ಎರಡು ಮೊಳ. ಅಂದು ಮನೆಗೆ ಹೋಗಿ ಅವರು ಊಟ ಮಾಡಲಿಲ್ಲ. ಹೆಂಡತಿ ಕೇಳಿದ್ದಕ್ಕೆ, “ಹಸಿವಿಲ್ಲ ಅಂದ್ನಲ್ಲ, ಮತ್ತೆ ಮತ್ತೆ ಎಂತ ಕೇಳೂದು?” ಎಂದು ರೇಗಿದರು.

ದಿನ ಕಳೆದಂತೆ ಕಾಗದ ಹೆಚ್ಚಾಯಿತು, ಓಲೆ ಕಡಿಮೆಯಾಯಿತು. ಕಪ್ತಾನ ಅವಳ ಕಾಗದಕ್ಕೆ ಮೂರೇ ದಿನದಲ್ಲಿ ಉತ್ತರ ಬರೆಯುತ್ತಿದ್ದ. ಒಂದು ಸಲ ದೇವಿಯರು, “ಶಾಂತೇರಿ, ನೀನು ಬಂದ್ಮೇಲೆ ನನಗೆ ಆಚೆ ಕಿವಿ ಬಂದಾಂಗೆ ಆಯ್ತು ನೋಡು,” ಎಂದುಬಿಟ್ಟರು. ಹಿಂದೆ ಕೂತ ಸಾಂತಪ್ಪಯ್ಯನವರ ಬೆರಳು ನನ್ನ ಕುತ್ತಿಗೆಯನ್ನು ಬಿಗಿಯಾಗಿ ಹಿಸುಕಿತು. ಅವರ ಉರಿ ನನಗೆ ಹತ್ತಿತೋ, ನನ್ನದೇ ಅವರಿಗೆ ಹತ್ತಿತೋ, ಈಗ ಹೇಳಲಾರೆ.

ಆ ವರ್ಷ ಸುಲ್ತಾನರ ಸರದಾರ ದಂಡು ಕಟ್ಟಿಕೊಂಡು ಘಟ್ಟದ ತಲೆಯ ಮೇಲೇ ಬಂದು ಬೀಡುಬಿಟ್ಟಿದ್ದ. ವರ್ಷದ ಕಪ್ಪದ ಮೆಣಸು ಇನ್ನೂ ಏಕೆ ಬಂದಿಲ್ಲ ಎಂದು ಅವನ ಆಳು ಬಂದು ಕೇಳಿದ. ದೇವಿಯರು ಸಾಂತಪ್ಪಯ್ಯನವರಿಗೆ ಒಕ್ಕಣೆ ಹೇಳಿದರು. ಹೂ ಬಿಡುವಾಗ ಮಳೆ ತಪ್ಪಿದೆ, ಕಾಳು ತಡವಾಗಿದೆ, ಒಂದೂವರೆ ತಿಂಗಳು ಸೈರಿಸಬೇಕು ಎಂದು. ಅವರು ಓಲೆಯನ್ನು ಮನೆಗೆ ತಂದು, ಹಗಲು ಹೊತ್ತಿನಲ್ಲೇ, ಬಾಗಿಲ ಬೆಳಕಿಗೆ ಕೂತು ಬರೆದರು. ಹೇಳಿದ್ದಷ್ಟೂ ಮುಗಿಯಿತು. ಮುದ್ರೆಗೆ ಬಿಟ್ಟ ಜಾಗದ ಪಕ್ಕದಲ್ಲಿ ಎರಡು ಬೆರಳಗಲ ಓಲೆ ಉಳಿದಿತ್ತು. ಅವರ ಕೈ ಅಲ್ಲಿ ನಿಂತಿತು. ಒಮ್ಮೆ ನನ್ನನ್ನು ಕೆಳಗಿಟ್ಟರು. ಮತ್ತೆ ಎತ್ತಿಕೊಂಡರು. ಆಮೇಲೆ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಬರೆದರು: ‘ದೇವಿಯರು ಪರಂಗಿಯವರಿಗೆ ಹೆಂಗಸೊಬ್ಬಳ ಕೈಯಿಂದ ಬೇರೆ ಕಾಗದ ಬರೆಸುತ್ತಿರುವರು. ಅದರ ಒಕ್ಕಣೆಯನ್ನು ನಾವರಿಯೆವು.’

ನನ್ನಿಂದ ಮುಚ್ಚುಮರೆ ಬೇಡ. ಆ ಸಾಲನ್ನು ಬರೆಯುವಾಗ ನಾನು ಎಲ್ಲೂ ತಡೆಯಲಿಲ್ಲ. ಅಂಥ ನುಣುಪಾದ ಬರವಣಿಗೆ ನನ್ನ ಬಾಳಿನಲ್ಲೇ ಇಲ್ಲ. ಅವಳನ್ನು ಓಡಿಸುತ್ತಾರೆ, ಪುಕ್ಕಗಳು ಒಲೆಗೆ ಬೀಳುತ್ತವೆ, ಚಾಪೆ ಎರಡು ಮೊಳ ಮುಂದೆ ಬರುತ್ತದೆ ಎಂದಷ್ಟೇ ನಾವಿಬ್ಬರೂ ಲೆಕ್ಕ ಹಾಕಿದ್ದೆವು. ಸೀಮೆಗೆ ಏನಾದೀತು ಎಂಬುದು ನಮ್ಮ ತಲೆಗೇ ಬರಲಿಲ್ಲ. ದೇವಿಯರು ಎಂದಿನಂತೆ ಅವರನ್ನು ನಂಬಿ, ಓದದೆಯೇ ಓಲೆಗೆ ಮುದ್ರೆ ಒತ್ತಿದರು.

ಹನ್ನೆರಡನೆಯ ದಿನ ಸರದಾರನ ರಾಯಭಾರಿ ಘಟ್ಟ ಇಳಿದು ಬಂದ. ಹೆಸರು ಮೀರ್ ಯಾಕೂಬ. ನೆರೆತ ಗಡ್ಡ, ಮೆತ್ತಗಿನ ಮಾತು, ಹಿಂದೆ ನಲವತ್ತು ಕುದುರೆ. ಬೆಳಗ್ಗೆ ಚಾವಡಿಯಲ್ಲಿ ಕೂತು, ಕೊಟ್ಟ ಎಳನೀರು ಕುಡಿದು, ಅಂಗಿಯ ತೋಳಿನೊಳಗಿಂದ ನಮ್ಮ ಓಲೆಯನ್ನೇ ತೆಗೆದ.

“ತಾಯಿ, ಇದರಾಗ ಕಡೀಕ ಒಂದು ಸಣ್ಣ ಸಾಲು ಐತಿ,” ಎಂದ. “ನಮ್ಮ ಸರದಾರರು ಅದನ್ನ ನಾಕು ಸಲ ಓದಿಸ್ಯಾರ. ನೀವು ಪರಂಗೇರ ಜೋಡಿ ಒಳಗಿಂದೊಳಗ ಮಾತಾಡಾಕತ್ತೀರಿ ಅಂತಾದ್ರ, ದಂಡು ನಾಳೆನ ಘಟ್ಟ ಇಳೀತೈತಿ. ನಾನು ಜಗಳಕ್ಕ ಬಂದಿಲ್ಲ, ಕೇಳಿಕೊಂಡು ಹೋಗಾಕ ಬಂದೀನಿ. ಹೇಳ್ರಿ.”

ಅವನು ಆ ಸಾಲನ್ನು ಓದಿದ. ಜಕ್ಕಲದೇವಿಯರು ಓಲೆಯನ್ನು ಕೈಗೆ ಇಸಿದುಕೊಂಡು ಬೆಳಕಿಗೆ ಹಿಡಿದರು. ಅಕ್ಷರ ಯಾರದೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಅವರು ಹಿಂದಕ್ಕೆ ತಿರುಗಿ ನೋಡಲಿಲ್ಲ. ಶಾಂತೇರಿ ಮಾತ್ರ ತಿರುಗಿದಳು. ಸಾಂತಪ್ಪಯ್ಯನವರ ಬೆವರು ನನ್ನ ಮೈಮೇಲೆ ಹರಿಯುತ್ತಿತ್ತು.

“ಹೌದು,” ಎಂದರು ದೇವಿಯರು. “ಬರೆಸಿದ್ದು ನಾನೇ.”

ಮೀರ್ ಯಾಕೂಬ ಹುಬ್ಬು ಏರಿಸಿದ.

“ಕಪ್ತಾನನಿಗೆ ಕಾಗದ ಬರೆಸೂದೂ ನಾನೇ, ಬರೆಸ್ತಾ ಇದ್ದೆ ಹೇಳಿ ನಿಮಗೆ ತಿಳಿಸಿದ್ದೂ ನಾನೇ. ಕದ್ದು ಮಾಡುವವಳಾದ್ರೆ ನನ್ನ ರಾಯಸದವರ ಕೈಲೇ, ನನ್ನ ಮುದ್ರೆ ಬುಡದಲ್ಲೇ, ಹೀಗೆ ಬರೆಸಿ ಕಳಿಸ್ತಿದ್ನಾ? ನಾಳೆ ಬೇರೆ ಯಾರೋ ಬಂದು ನಿಮ್ಮ ಕಿವಿ ಊದೂದು ಬೇಡ ಹೇಳಿ ನಾನೇ ಮೊದಲು ಹೇಳ್ದೆ. ಅದೂ ತಪ್ಪಾಯ್ತಾ?”

ಅವನು ಸಾಂತಪ್ಪಯ್ಯನವರ ಕಡೆ ನೋಡಿದ. “ನೀವ ಏನ್ರಿ ಬರದವರು? ಖರೇ ಹೇಳ್ರಿ.”

ಆ ಗಳಿಗೆಯನ್ನು ನೆನೆದರೆ ಈಗಲೂ ನನ್ನ ಉಕ್ಕು ತಣ್ಣಗಾಗುತ್ತದೆ. ಸಾಂತಪ್ಪಯ್ಯನವರು ಎದ್ದು ನಿಂತರು. “ಬರೆದವ ನಾನೇ,” ಎಂದರು. ಸ್ವಲ್ಪ ತಡೆದು, “ಅಮ್ಮನವರು ಹೇಳಿದ್ದನ್ನೇ ಬರೆದದ್ದು,” ಎಂದರು.

“ಹಂಗಾದ್ರ ಆ ಕಾಗದದಾಗ ಏನೈತಿ ಅನ್ನೋದೂ ಗೊತ್ತಾಗಲಿ. ಓದಸ್ರಿ. ಒಂದು ನಕಲು ನಾನೂ ಒಯ್ತೀನಿ.”

ಶಾಂತೇರಿಯ ಪೆಟ್ಟಿಗೆಯಲ್ಲಿ ಮರುದಿನ ಹೋಗಬೇಕಾದ ಕಾಗದವೊಂದು ಇತ್ತು. ಅವಳು ಅದನ್ನು ಬಿಡಿಸಿ ಹಿಡಿದು ಓದತೊಡಗಿದಳು. ಸಾಂತಪ್ಪಯ್ಯನವರು ಓಲೆಯ ಮೇಲೆ ನನ್ನನ್ನು ಊರಿ ಅವಳು ಹೇಳಿದ್ದನ್ನು ಬರೆದುಕೊಳ್ಳತೊಡಗಿದರು. ‘ಕಪ್ತಾನರ ಹೆಂಡತಿಯ ಜ್ವರ ಇಳಿದ ಸುದ್ದಿ ಕೇಳಿ ಸಂತೋಷವಾಯಿತು. ನಮ್ಮ ಬೆಸ್ತರ ನಾಲ್ಕು ದೋಣಿಗಳನ್ನು ನಿಮ್ಮವರು ಹಿಡಿದಿಟ್ಟಿರುವುದು ಸರಿಯಲ್ಲ. ಘಟ್ಟದ ಮೇಲಿನ ಸುಲ್ತಾನರು ನಮ್ಮ ಹಿರಿಯರ ಕಾಲದಿಂದ ನಮಗೆ ನೆರಳು. ಅವರ ಮನಸ್ಸಿಗೆ ನೋವಾಗುವ ಯಾವ ಕಟ್ಟಡಕ್ಕೂ ನಾವು ಜಾಗ ಕೊಡಲಾರೆವು…’ ಹೀಗೆ ಹೋಯಿತು. ಒಂದು ಓಲೆ ತುಂಬಿತು, ಎರಡನೆಯದು ತುಂಬಿತು. ನಾನು ಕೆಳಗಿದ್ದೆ. ಕಾಗದದ ಹಿಂಬದಿಯಿಂದ ಬಿಸಿಲು ಬರುತ್ತಿತ್ತು. ನನಗೆ ಕಂಡಿತು, ಸಾಂತಪ್ಪಯ್ಯನವರಿಗೂ ಕಂಡಿತು. ಆ ಕಾಗದದಲ್ಲಿದ್ದದ್ದು ನಾಲ್ಕೇ ಸಾಲು.

ಅವಳು ನಿಂತ ನಿಲುವಿನಲ್ಲಿ ಒಕ್ಕಣೆಯನ್ನು ಕಟ್ಟುತ್ತಿದ್ದಳು. ತಡವರಿಸದೆ, ಕಣ್ಣು ಮಾತ್ರ ಕಾಗದದ ಮೇಲೆ ಎಡದಿಂದ ಬಲಕ್ಕೆ ಓಡಿಸುತ್ತ. ಸಾಂತಪ್ಪಯ್ಯನವರು ಒಂದು ಮಾತು ಆಡಿದ್ದರೆ ಸಾಕಿತ್ತು, ಅವಳ ಕಥೆ ಮುಗಿಯುತ್ತಿತ್ತು. ಅವರು ಆಡಲಿಲ್ಲ. ಅವಳು ಒಂದು ಕಡೆ ‘ಅವರಿಗೆ ಬೇಸರವಾದರೆ ನಮಗೂ ಬೇಸರ’ ಎಂದದ್ದನ್ನು ಅವರು ಓಲೆಯಲ್ಲಿ ‘ಅವರ ಬೇಸರವೇ ನಮಗೆ ಬರಗಾಲ’ ಎಂದು ತಿದ್ದಿ ಬರೆದರು. ಇಪ್ಪತ್ತು ವರ್ಷದಲ್ಲಿ ತಾವು ಬರೆದ ಯಾವ ಓಲೆಗೂ ಕಡಿಮೆಯಿಲ್ಲದ ಓಲೆಯನ್ನು ಈ ಹೆಂಗಸು ಬರೆಯದೆಯೇ ಬರೆಸುತ್ತಿದ್ದಾಳೆ ಎಂದು ಅವರ ಕೈ ಉರಿಯುತ್ತಿತ್ತು. ಉರಿಯುತ್ತಲೇ ಕೊನೆಯ ಅಕ್ಷರದವರೆಗೆ ಬರೆಯಿತು.

ಮೀರ್ ಯಾಕೂಬ ಓಲೆಗಳನ್ನು ಸುತ್ತಿ ತೋಳಿಗೆ ಸೇರಿಸಿದ. ಏಳುವಾಗ ನಕ್ಕ. “ತಾಯಿ, ನನಗ ಒಯ್ಯಾಕ ಒಂದು ಉತ್ತರ ಬೇಕಾಗಿತ್ತು. ಚಲೋ ಉತ್ತರ ಸಿಕ್ತು. ಇಷ್ಟ ಸಾಕು,” ಎಂದ. ಅವನು ಎಷ್ಟು ನಂಬಿದನೋ ತಿಳಿಯದು. ಆದರೆ ದಂಡು ಆ ವರ್ಷ ಘಟ್ಟ ಇಳಿಯಲಿಲ್ಲ.

ಕುದುರೆಗಳ ಧೂಳು ಅಡಗಿದ ಮೇಲೆ ಚಾವಡಿಯಲ್ಲಿ ಮೂವರೇ ಉಳಿದರು. ಸಾಂತಪ್ಪಯ್ಯನವರು ದೇವಿಯರ ಕಾಲಿಗೆ ಬೀಳಲು ಹೋದರು.

“ಬೇಡ, ಕೂತ್ಕೊಳ್ಳಿ,” ಎಂದರು ದೇವಿಯರು. ದನಿ ಏರಿಸಲಿಲ್ಲ. “ಸಾಂತಪ್ಪಯ್ಯ, ನಾವು ಇಷ್ಟು ಕಾಲ ಬದುಕಿದ್ದು ಯಾಕೆ ಗೊತ್ತುಂಟಾ? ಘಟ್ಟದವರಿಗೆ ಕಡಲಿನವರನ್ನ ಕಂಡ್ರೆ ಆಗೂದಿಲ್ಲ, ಕಡಲಿನವರಿಗೆ ಘಟ್ಟದವರನ್ನ ಕಂಡ್ರೆ ಆಗೂದಿಲ್ಲ. ಇದು ಅವನ ಪಾಲಾಗೂದು ಬೇಡ ಹೇಳಿ ಇವ, ಇವನ ಪಾಲಾಗೂದು ಬೇಡ ಹೇಳಿ ಅವ. ಅವರ ಹೊಟ್ಟೆಕಿಚ್ಚೇ ನಮ್ಮ ಕೋಟೆ. ಅದು ಹೊರಗೆ ಉರಿದ್ರೆ ನಮಗೆ ಕಾವಲು. ಈ ಚಾವಡಿ ಒಳಗೇ ಉರಿದ್ರೆ ನಾವು ಸುಟ್ಟು ಹೋಗ್ತೆವು.”

ಆಮೇಲೆ ಕೈ ಚಾಚಿದರು. “ಕಂಟ ಕೊಡಿ.”

“ಅಮ್ಮ, ಅದು ನನ್ನ…”

“ನಿಮ್ಮದಲ್ಲ. ಅಳಿವೆಕೋಟೆದು.”

ಅವರು ನನ್ನನ್ನು ತೆಗೆದು ಶಾಂತೇರಿಯ ಮಡಿಲಿಗೆ ಹಾಕಿದರು. “ನಾಳೆಯಿಂದ ಇವಳಿಗೆ ಓಲೆ ಬರೆಯೂದು ಕಲಿಸಿ. ಎರಡು ಕಡೆಗೂ ಇನ್ನು ಇವಳೇ ಬರೆಯೂದು. ನೀವು ಒಕ್ಕಣೆ ನೋಡಿ. ಇದೇ ನಿಮಗೆ ಶಿಕ್ಷೆ.”

ಚಾವಡಿಯ ಮೆಟ್ಟಿಲು ಇಳಿಯುವಾಗ ಸಾಂತಪ್ಪಯ್ಯನವರು ತಡೆಯಲಾರದೆ ಅವಳನ್ನು ಕೇಳಿದರು. “ಆ ಕಾಗದದಲ್ಲಿ ನಾಲ್ಕೇ ಸಾಲು ಇತ್ತಲ್ಲ?”

“ಮೂರು,” ಎಂದಳು ಶಾಂತೇರಿ. “ನಾಲ್ಕನೇದು ರುಜು. ಹೊಳೆ ದಂಡೆಮೇಲೆ ಮರದ ಉಗ್ರಾಣ ಕಟ್ಟಿಕೊಳ್ಳಿ, ಕಲ್ಲು ಮಾತ್ರ ಹಾಕಬೇಡಿ ಹೇಳಿ ಇತ್ತು, ಅಷ್ಟೇ.”

ಪುಕ್ಕದ ಪೆಟ್ಟಿಗೆಯಲ್ಲಿ ನನಗೆ ವಾಸ! ಅಕ್ಕಪಕ್ಕ ಮಸಿ ಮೆತ್ತಿದ ಆ ಹಕ್ಕಿಬಾಲಗಳು. ಅವಳ ಕೈಯಲ್ಲಿ ನಾನು ಮೊದಲ ವಾರ ಹನ್ನೊಂದು ಓಲೆ ಹರಿದೆ. ಪುಕ್ಕ ಓಡಿಸಿದ ಕೈ, ಓಲೆಯ ಮೇಲೂ ಓಡುತ್ತಿತ್ತು. ನನಗೆ ಒಳಗೊಳಗೇ ಹಿಗ್ಗು. “ಕೈ ಓಡಬಾರ್ದು ಮಾರಾಯ್ತಿ, ಓಲೆ ಓಡ್ಬೇಕು. ಎಡಗೈ ಹೆಬ್ಬೆರಳು ಎಂತ ನಿದ್ದೆ ಮಾಡ್ತಾ ಉಂಟಾ?” ಎಂದು ಸಾಂತಪ್ಪಯ್ಯನವರು ಗದರುತ್ತಿದ್ದರು. ಗದರುವಾಗ ಅವರ ಮುಖದಲ್ಲೂ ಹಿಗ್ಗಿರುತ್ತಿತ್ತು. ಆದರೆ ಮೂರು ತಿಂಗಳಿಗೆ ಅವಳು ಹದ ಹಿಡಿದುಬಿಟ್ಟಳು. ಅವಳ ಬೆರಳು ಸಾಂತಪ್ಪಯ್ಯನವರಷ್ಟು ಬಿಗಿಯಲ್ಲ, ಅವರಿಗಿಂತ ಬೆಚ್ಚಗೆ. ನನಗೆ ಅದು ಹಿತವೆನಿಸಿತು. ಹಿತವೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅವಳು ಬೆಳಗ್ಗೆ ಪುಕ್ಕದಲ್ಲಿ ಬರೆದರೆ ಮಧ್ಯಾಹ್ನ ನನ್ನಲ್ಲಿ ಬರೆಯುತ್ತಿದ್ದಳು. ಬೆಳಗಿನ ಹೊತ್ತು ನನಗೆ ಯಾವಾಗಲೂ ಕೆಟ್ಟದು. ಹೀಗೆ ಹದಿನಾಲ್ಕು ವರ್ಷ ನಡೆಯಿತು. ಘಟ್ಟದವರು ಮೂರು ಸಲ ಕೆಂಡವಾದರು, ಕಡಲಿನವರು ಎರಡು ಸಲ ಅಳಿವೆಯ ಬಾಯಿಗೆ ಫಿರಂಗಿ ತಿರುಗಿಸಿದರು. ಪ್ರತಿ ಸಲವೂ ಇವರಿಗೆ ಅವರನ್ನು, ಅವರಿಗೆ ಇವರನ್ನು ತೋರಿಸಿ ದೇವಿಯರು ಸೀಮೆಯನ್ನು ಉಳಿಸಿಕೊಂಡರು. ಸಾಂತಪ್ಪಯ್ಯನವರ ಕಣ್ಣು ಮಂಜಾಯಿತು, ಅವರು ಮನೆ ಹಿಡಿದರು. ದೇವಿಯರ ಕೂದಲು ಬೆಳ್ಳಗಾಯಿತು.

ಒಂದು ದಿನ ಕಪ್ತಾನನ ಕಡೆಯಿಂದ ದಪ್ಪನೆಯ ಕಾಗದದ ಕಟ್ಟು ಬಂತು. ಶಾಂತೇರಿ ಅದನ್ನು ಓದುತ್ತ ಹೋದವಳು ಒಂದು ಕಡೆ ನಿಂತಳು.

“ಎಂತ ಆಯ್ತು? ಓದು,” ಎಂದರು ದೇವಿಯರು.

“ಅಮ್ಮ, ಅವರಿಬ್ಬರೂ ರಾಜಿ ಆಗಿದ್ದಾರೆ.”

ಘಟ್ಟದವರೂ ಕಡಲಿನವರೂ ದೂರದ ಯಾವುದೋ ಊರಿನಲ್ಲಿ ಕೂತು ಒಪ್ಪಂದ ಬರೆದುಕೊಂಡಿದ್ದರು. ಹದಿನಾಲ್ಕನೆಯ ಕಲಮಿನಲ್ಲಿ ನಮ್ಮ ಹೆಸರಿತ್ತು. ಅದನ್ನೂ ತಪ್ಪಾಗಿ ಬರೆದಿದ್ದರು. ಹೊಳೆಯ ಬಡಗಣ ಗುಡ್ಡಗಳು ಸುಲ್ತಾನರಿಗೆ, ತೆಂಕಣ ದಡವೂ ಅಳಿವೆಯೂ ಪರಂಗಿಯವರಿಗೆ. ಬರುವ ಅಮಾವಾಸ್ಯೆಯಿಂದ ಜಾರಿ. ನಮ್ಮನ್ನು ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ.

ದೇವಿಯರು, “ಜಗಳ ಆಡುವಷ್ಟು ದಿನ ನಮ್ಮ ನೆನಪು ಇಬ್ಬರಿಗೂ ಇತ್ತು,” ಎಂದರು. “ಉಳಿದದ್ದನ್ನೂ ಓದು. ಎಲ್ಲಾದ್ರೂ ಒಂದು ಸಂದಿ ಬಿಟ್ಟಿದ್ದಾರಾ ನೋಡುವ.”

ಶಾಂತೇರಿ ಇಡೀ ಕಟ್ಟನ್ನು ಓದಿದಳು. ಇಪ್ಪತ್ತೆರಡನೆಯ ಕಲಮಿನಲ್ಲಿ ಸಂದಿ ಇತ್ತು. ತಮ್ಮ ತಮ್ಮ ಕಡೆಯವರಿಗೆ ಬೇರೆ ಬೇರೆ ಸೀಮೆಗಳಲ್ಲಿ ಕೊಟ್ಟ ಭೂಮಿ ಕೈಬಿಟ್ಟು ಹೋಗದಿರಲೆಂದು ಇಬ್ಬರೂ ಸೇರಿ ಒಂದು ಮಾತು ಹಾಕಿದ್ದರು. ಜಾರಿಗೆ ಮುಂಚೆ ಹಿಂದಿನ ಒಡೆಯರು ಮುದ್ರೆ ಹಾಕಿ ಕೊಟ್ಟ ಉಂಬಳಿಗಳನ್ನು ಹೊಸಬರು ನಡೆಸಿಕೊಡತಕ್ಕದ್ದು ಎಂದು. ಉಂಬಳಿ ಎಂದರೆ ತೆರಿಗೆಯಿಲ್ಲದೆ ಉಣ್ಣಲು ಬಿಟ್ಟ ನೆಲ.

ದೇವಿಯರು ಎದ್ದು ಕೂತರು. “ಅಮಾವಾಸ್ಯೆಗೆ ಎಷ್ಟು ದಿನ?”

“ಒಂಬತ್ತು.”

“ಬಳ್ಳಿ ನೆಟ್ಟ ಮನೆ ಎಷ್ಟುಂಟು?”

“ಇನ್ನೂರರ ಮೇಲೆ.”

“ಒಂದೊಂದು ಮನೆಗೂ ಒಂದೊಂದು ಓಲೆ. ನೆಟ್ಟವರದೇ ಬಳ್ಳಿ, ಅದರ ಬುಡದ ನೆಲವೂ ಅವರದೇ. ಸಾಂತಪ್ಪಯ್ಯನವರನ್ನ ಕರೆಸು.”

ಕಣ್ಣು ಮಂಜಾಗಿದ್ದ ಮುದುಕರು ಕೋಲೂರಿಕೊಂಡು ಬಂದರು. ವಿಷಯ ಕೇಳಿ, “ಕಣ್ಣು ಕಾಣದಿದ್ರೆ ಎಂತಾಯ್ತು, ಹೆಬ್ಬೆರಳಿಗೆ ಓಲೆ ಗೊತ್ತುಂಟು,” ಎಂದು ಕೂತರು. ಆದರೆ ನಾನು ಒಬ್ಬನೇ, ಬರೆಯುವವರು ಇಬ್ಬರು. ಬಸದಿಯಿಂದ ಇನ್ನೊಂದು ಕಂಟ ತಂದರು. ಹಿಡಿಗೆ ಆನೆದಂತ ಕೂಡಿಸಿದ, ತೆಳ್ಳಗಿನ, ಹೊಳೆಯುವ ಕಂಟ. ನಾನು ನನ್ನ ಒಡೆಯರ ಕೈಗೇ ಹಿಂತಿರುಗುತ್ತೇನೆಂದು ಕಾದಿದ್ದೆ. ಶಾಂತೇರಿ ನನ್ನನ್ನು ಅವರತ್ತ ಚಾಚಿದಳು ಕೂಡ. ಅವರು ತಲೆ ಅಲ್ಲಾಡಿಸಿದರು. “ಅದು ನಿನ್ನ ಕೈಗೆ ಹೊಂದಿಯಾಯ್ತು. ನಾನು ಇದರಲ್ಲೇ ಬರೀತೆ,” ಎಂದು ದಂತದ ಹಿಡಿಯವನನ್ನು ಎತ್ತಿಕೊಂಡರು.

ಪುಕ್ಕದ ಮೇಲಿದ್ದ ನನ್ನ ಹೊಟ್ಟೆಕಿಚ್ಚು ಅವನ ಮುಂದೆ ಏನೇನೂ ಅಲ್ಲ. ಪುಕ್ಕವಾದರೋ ಬೇರೆ ಜಾತಿ. ಇವನು ನನ್ನದೇ ಕೆಲಸದವನು, ನನ್ನದೇ ಒಡೆಯರ ಬೆರಳಲ್ಲಿ, ನನ್ನದೇ ಓಲೆಯ ಮೇಲೆ. ಇಬ್ಬರು ಬರೆಯುವವರ ನಡುವೆಯೂ ಪಂದ್ಯ ಹತ್ತಿತು. “ನಂದು ಏಳು ಆಯ್ತು,” ಎಂದು ಸಾಂತಪ್ಪಯ್ಯನವರು ಹೇಳಿದರೆ ಶಾಂತೇರಿ, “ನಂದು ಎಂಟನೇದು ನಡೀತಾ ಉಂಟು, ನೀವು ಎಲೆ ಹಾಕಿದ್ದು ಹೆಚ್ಚಾಯ್ತು,” ಎನ್ನುತ್ತಿದ್ದಳು. ಅವರು ಬಾಯಲ್ಲಿದ್ದ ಎಲೆಯನ್ನು ಉಗುಳಿ ಮತ್ತೆ ಬಾಗುತ್ತಿದ್ದರು. ದೇವಿಯರು ತಾವೇ ಮಸಿ ತಿಕ್ಕಿ, ತಾವೇ ಮುದ್ರೆ ಒತ್ತುತ್ತಿದ್ದರು. ಓಲೆ ಒಯ್ಯಲು ಗುಡ್ಡದ ಜನ ಅಂಗಳದಲ್ಲಿ ಸಾಲುಗಟ್ಟಿ ಕೂತಿರುತ್ತಿದ್ದರು. ತೆಂಕಣ ದಡದವರ ಓಲೆಗಳು ಶಾಂತೇರಿಯ ಪಾಲಿಗೆ, ಬಡಗಣ ಗುಡ್ಡದವು ಸಾಂತಪ್ಪಯ್ಯನವರ ಪಾಲಿಗೆ ಬಂದಿದ್ದವು.

ಒಂಬತ್ತನೆಯ ದಿನ ಮಧ್ಯಾಹ್ನಕ್ಕೆ ತೆಂಕಣ ದಡದ್ದು ಮುಗಿಯಿತು. ಬಡಗಣದ್ದು ಇನ್ನೂ ಎಂಟು ಉಳಿದಿತ್ತು. ಶಾಂತೇರಿ ಅದರಲ್ಲೊಂದು ಓಲೆ ಎಳೆದುಕೊಂಡಳು. ದಂತದವನಿಗಿಂತ ಮುಂದೆ ಹೋಗಬೇಕೆಂದು ನಾನು ಅವಳ ಬೆರಳನ್ನು ಮೀರಿ ಓಡಿದೆ. ಓಲೆಯಲ್ಲೊಂದು ಗಂಟು ಇತ್ತು. ಚಿಟ್ಟೆಂದಿತು. ನನ್ನ ಮೊನೆ ಮುರಿದು ಚಾಪೆಯ ಮೇಲೆ ಬಿತ್ತು. ಶಾಂತೇರಿ ನನ್ನನ್ನು ಕಣ್ಣ ಹತ್ತಿರ ಹಿಡಿದು ನೋಡಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಉಳಿದ ಓಲೆಗಳನ್ನೆಲ್ಲ ಹೊತ್ತು ಮುಳುಗುವ ಮೊದಲು ಸಾಂತಪ್ಪಯ್ಯನವರೇ ಬರೆದು ಮುಗಿಸಿದರು. ದಂತದವನ ಮೊನೆಗೆ ಏನೂ ಆಗಲಿಲ್ಲ.

ಅಮಾವಾಸ್ಯೆಯ ಬೆಳಗ್ಗೆ ಎರಡು ಕಡೆಯವರೂ ಚಾವಡಿಗೆ ಬಂದರು. ಸೀಮೆಯನ್ನು ಬಿಟ್ಟುಕೊಟ್ಟೆನೆಂದು ದೇವಿಯರು ಕಾಗದದ ಮೇಲೆ ರುಜು ಹಾಕಬೇಕಿತ್ತು. ಶಾಂತೇರಿ ಪುಕ್ಕವನ್ನು ಮಸಿಯಲ್ಲಿ ಅದ್ದಿ ಅವರ ಕೈಗೆ ಕೊಟ್ಟಳು. ಅವರು ಬರೆಯುವಾಗ ಪುಕ್ಕ ಅದೇ ಕೆರ ಕೆರ ಸದ್ದು ಮಾಡಿತು. ನಾನು ಸೆರಗಿನ ಗಂಟಿನಲ್ಲಿ ಮೊಂಡಾಗಿ ಕೂತು ಕೇಳಿದೆ. ಅದೊಂದು ದಿನ, ಅದೊಂದೇ ದಿನ, ಪುಕ್ಕದ ಜಾಗದಲ್ಲಿ ನಾನಿರಬೇಕಿತ್ತು ಎಂದು ನನಗೆ ಅನ್ನಿಸಲಿಲ್ಲ.

ದೇವಿಯರು ಬಸದಿಯ ಪಕ್ಕದ ಮನೆಯೊಂದರಲ್ಲಿ ಎರಡು ವರ್ಷ ಇದ್ದು ತೀರಿಕೊಂಡರು. ಸಾಂತಪ್ಪಯ್ಯನವರು ಅದಕ್ಕೂ ಮೊದಲೇ ಹೋದರು. ಶಾಂತೇರಿ ಬಡಗಣ ಗುಡ್ಡದ ಈರ ಗೌಡ ಎಂಬ ಬಳ್ಳಿಗಾರನ ಮನೆಯಲ್ಲಿ ನಿಂತಳು. ಹೊಸ ಅಧಿಕಾರಿಗಳು ಬಂದು ಓಲೆಗಳನ್ನು ನೋಡಿ ಮೊದಲು ನಕ್ಕರು, ಇವೆಲ್ಲ ನಡೆಯುವುದಿಲ್ಲ ಎಂದರು. ಶಾಂತೇರಿ ಅಂಗಳದಲ್ಲಿ ನಿಂತು, “ಹಾಂಗಾ? ಆಚೆ ದಡದಲ್ಲಿ ಪರಂಗಿಯವರು ಕಲಮಿನ ಪ್ರಕಾರ ನಡೆಸಿ ಕೊಡ್ತಾ ಇದ್ದಾರಂತೆ. ಗುಡ್ಡದ ಜನ ಎಲ್ಲ ಆಚೆ ಹೋಗುವ ಹೇಳ್ತಾ ಇದ್ದಾರೆ,” ಎಂದಳು. ಆಚೆ ದಡದವರಿಗೂ ಈಚೆಯ ಹೆಸರು ಹೇಳಿ ಇಂಥದೇ ಮಾತು ಕಳಿಸಿದ್ದಳು. ರಾಜಿಯಾದರೂ ಒಳಗಿನ ಉರಿ ಆರಿರಲಿಲ್ಲ. ತಿಂಗಳೊಳಗೆ ಎರಡು ಕಡೆಯವರೂ ಓಲೆಗಳನ್ನು ಒಪ್ಪಿದರು.

ಶಾಂತೇರಿ ಹೋಗಿ ಈಗ ಎಷ್ಟು ಕಾಲವಾಯಿತೋ. ಈರ ಗೌಡನ ಮೊಮ್ಮಕ್ಕಳಿಗೂ ಮೊಮ್ಮಕ್ಕಳಿದ್ದಾರೆ. ಅಡುಗೆಮನೆಯ ಅಟ್ಟದಲ್ಲಿ ಒಂದು ಬಿದಿರಿನ ಕೊಳವೆ ತೂಗುಹಾಕಿದೆ. ಅದರೊಳಗೆ ಆ ಮನೆಯ ಓಲೆ, ಓಲೆಯ ಪಕ್ಕದಲ್ಲಿ ನಾನು. ಶಾಂತೇರಿಯೇ ಹೀಗೆ ಇಡಲು ಹೇಳಿ ಹೋಗಿದ್ದಳು. ಬೆಚ್ಚಗಿನ ಜಾಗ. ಹೊಗೆಯಿಂದ ತುಕ್ಕು ಹಿಡಿಯುವುದಿಲ್ಲ. ನನಗೆ ಇನ್ನು ಕೆಲಸವೂ ಇಲ್ಲ, ಮೊನೆಯೂ ಇಲ್ಲ. ಮಲಗಿಕೊಂಡು ಯೋಚಿಸುತ್ತೇನೆ. ಆ ಸಣ್ಣ ಸಾಲನ್ನು ಬರೆದ ದಿನ ನನ್ನ ಉರಿಯಿಂದ ಒಂದು ಸೀಮೆ ಮುಳುಗಬೇಕಿತ್ತು. ಒಂಬತ್ತು ದಿನ ಬರೆದಾಗ ಇದ್ದದ್ದೂ ಅದೇ ಉರಿ, ಆಗ ಇನ್ನೂರು ಮನೆ ಉಳಿಯಿತು. ಉರಿ ಬದಲಾಗಿರಲಿಲ್ಲ, ಹಿಡಿದ ಕೈ ಬದಲಾಗಿತ್ತು ಎನ್ನಬೇಕೋ ಏನೋ, ನನಗೆ ಸರಿಯಾಗಿ ತಿಳಿಯದು.

ವರ್ಷಕ್ಕೊಮ್ಮೆ ಕುಯಿಲು ಮುಗಿದ ಮೇಲೆ ಮನೆಯವರು ಕೊಳವೆ ಇಳಿಸಿ, ಓಲೆಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಓದಬಲ್ಲವರೊಬ್ಬರನ್ನು ಕರೆದು ಓದಿಸುತ್ತಾರೆ. ಮಕ್ಕಳು ಮುದುಕರು ಎಲ್ಲ ಸುತ್ತ ಕೂತು ಕೇಳುತ್ತಾರೆ. ಓದುವವರು ಪ್ರತಿ ಸಲವೂ ನಡುವೆ ನಿಲ್ಲಿಸಿ, “ಎಂಥಾ ಅಕ್ಷರ ಮಾರಾಯ್ರೆ, ಮುತ್ತು ಪೋಣಿಸಿದ ಹಾಂಗೆ!” ಎನ್ನುತ್ತಾರೆ. ಎಲ್ಲರೂ ಹೌದು ಹೌದು ಎಂದು ತಲೆಯಾಡಿಸುತ್ತಾರೆ.

ಬಡಗಣ ಗುಡ್ಡದ ಮನೆಯಲ್ಲವೇ ಇದು. ಓಲೆ ಬರೆದದ್ದು ಅವನು, ದಂತದ ಹಿಡಿಯವನು. ನಾನು ಬರೆದವೆಲ್ಲ ಹೊಳೆಯ ಆಚೆ ದಡದಲ್ಲಿವೆ. ಅವನ್ನೂ ಯಾರಾದರೂ ಹೀಗೆ ಇಳಿಸಿ ಎಣ್ಣೆ ಸವರುತ್ತಾರೋ, ಹೀಗೇ ಹೊಗಳುತ್ತಾರೋ ನಾನರಿಯೆ. ಮನೆಯ ಹೆಣ್ಣುಮಗಳು ನನ್ನನ್ನೂ ಸೆರಗಿನಿಂದ ಒರೆಸಿ, ಆ ಚಂದದ ಅಕ್ಷರಗಳ ಮಗ್ಗುಲಲ್ಲೇ ಮತ್ತೆ ಮಲಗಿಸುತ್ತಾಳೆ. ಕೊಳವೆಯ ಬಾಯಿ ಮುಚ್ಚುತ್ತದೆ. ಇನ್ನೊಂದು ವರ್ಷ ನಾನು ಅವನ್ನು ಮುಟ್ಟಿಕೊಂಡೇ ಇರಬೇಕು.